ದೇವಿನ್ನ ಹೊತಗೊಂಡು ಬಂದ ರಾಣಿ

ನೇಪಾಳಕ್ಕ ಹೋಗಿ ಬಂದವರು ನಮ್ಮ ಬಳಗದಾಗ, ಓಣ್ಯಾಗ ಕಡಿಮಿ ಏನಿಲ್ಲ. ಪಶುಪತಿನಾಥನ ದರ್ಶನ, ಮುಕ್ತಿನಾಥ, ಗಂಡಕಿ ನದಿ ಸಾಲಿಗ್ರಾಮ, ಬರೋವಾಗ ಒಂದು ರುದ್ರಾಕ್ಷಿ ಸರ, ಎರಡು ಶಾಲು. ಇಷ್ಟಾದ್ರ ಯಾತ್ರಾ ಮುಗೀತು. ಪಶುಪತಿನಾಥನ ಗರ್ಭಗುಡ್ಯಾಗ ಪೂಜಾ ಮಾಡೋ ಭಟ್ಟರು ನಮ್ಮ ಕರ್ನಾಟಕದವರು ಅನ್ನೋದು ಹೋಗಿ ಬಂದವರೆಲ್ಲಾ ಹೆಮ್ಮಿಲೆ ಹೇಳೋ ಮಾತು. ನಾವೂ ಹಂಗ ಹೋದವರು. ಆದ್ರ ಕಾಠ್ಮಂಡುದಾಗ ನಮಗ ಒಂದು ದಿನ ಖಾಲಿ ಸಿಕ್ತು. ರೂಮಿನ್ಯಾಗ ಕೂತು ಮಾಡೋದೇನದ ಅಂತ ಒಂದು ಗಾಡಿ ಮಾಡಿಸಿ, ಒಬ್ಬಾಕಿ ಗೈಡ್‌ನ್ನ ಕರಕೊಂಡು, ಬೌದ್ಧರ ಗುಡಿ, ಹಳೀ ರಾಜರ ಅರಮನಿ ನೋಡಲಿಕ್ಕೆ ಹೊಂಟ್ವಿ. ನಾವು ಐದು ಮಂದಿ. ನಾನು, ಮೌಶಿ, ವೈನಿ, ಬಾಜೂ ಮನಿ ಅಕ್ಕಾರು ಮತ್ತ ಅವರ ತಂಗಿ.

ಗೈಡ್ ಆ ಊರಿನ ನೇವಾರ ಹೆಣ್ಣುಮಗಳು. ಹಿಂದಿ ಛೊಲೋ ಬರ್ತಿತ್ತು. ಯಾವ ರಾಜ ಯಾವ ಗುಡಿ ಕಟ್ಟಿಸಿದಾ ಅಂತ ಆಕಿ ಹೇಳಿಕೋತ ಹೋದ್ಲು, ಮೊದಮೊದಲ ಆ ಹೆಸರೆಲ್ಲಾ ತಲ್ಯಾಗ ಕಲಸಿ ಹೋದ್ವು. ಮಧ್ಯಾಹ್ನದ ಹೊತ್ತಿಗೆ ಒಂದು ಸಂಗತಿ ಗೊತ್ತಾತು. ನಾವು ನಿಂತ ಒಂದೊಂದು ಜಾಗಾದ ಹಿಂದೂ ಒಬ್ಬಾಕಿ ಹೆಣ್ಣುಮಗಳ ಕಥಿ ಅದ. ತಾಯಿ, ಕೂಸು, ವಿಧವಾ ರಾಣಿ, ಮಗನ್ನ ಕಳಕೊಂಡಾಕಿ. ಅದರಾಗ ಒಬ್ಬಾಕಿ ಕರ್ನಾಟ ಕುಲದ ಮನಿ ಸೊಸಿ. ಊರಿಗೆ ಬಂದ ಮ್ಯಾಲೆ ಇದರ ಬಗ್ಗೆ ಸಿಕ್ಕಷ್ಟು ಓದಿದೆ. ಅದನ್ನ ಇಲ್ಲೆ ಬರೀಲಿಕತ್ತೀನಿ.

ಮೊದಲ ಒಂದೀಟು ಹಿನ್ನೆಲಿ

ಕಾಠ್ಮಂಡು ಕಣಿವಿ ಅಂದ್ರ ಸುತ್ತಲೂ ಗುಡ್ಡ, ನಡುವ ಬಟ್ಟಲದಂಥಾ ಬಯಲು. ಅಲ್ಲಿ ಮೂಲ ಮಂದಿ ನೇವಾರರು. ಸುಮಾರು 1200ರಿಂದ 1769ರ ತನಕ ಆ ಕಣಿವಿ ಆಳಿದವರು ಮಲ್ಲ ರಾಜರು. 1482ರಾಗ ಯಕ್ಷ ಮಲ್ಲ ಸತ್ತ ಮ್ಯಾಲೆ, ಅಣ್ಣತಮ್ಮಂದಿರ ನಡುವ ಮನಿ ಪಾಲಾದಂಗ ರಾಜ್ಯನೂ ಪಾಲಾತು. ಕಾಠ್ಮಂಡು ಒಬ್ಬಂದು, ಪಾಟನ್ ಒಬ್ಬಂದು, ಭಕ್ತಪುರ ಒಬ್ಬಂದು. ಪಾಟನ್ ಕಾಠ್ಮಂಡುಕ್ಕ ಹತ್ತಿಕೊಂಡ ಅದ, ನಡುವ ಒಂದು ಹೊಳಿ ಅಷ್ಟ. ಭಕ್ತಪುರಕ್ಕ ಸುಮಾರು 13 ಕಿಲೋಮೀಟರ್. ಇಷ್ಟು ಸಣ್ಣ ಜಾಗಾದಾಗ ಮೂರು ಅರಮನಿ, ಮೂರು ದರ್ಬಾರು. ಒಬ್ಬ ಒಂದು ಗುಡಿ ಕಟ್ಟಿಸಿದ್ರ ಇನ್ನೊಬ್ಬ ಅದಕಿಂತ ಎತ್ತರದ್ದು ಕಟ್ಟಸ್ತಿದ್ದ. ಅವರ ಪೈಪೋಟಿಲೆ ಕಣಿವಿ ತುಂಬ ಗುಡಿ ಆದ್ವು. 1979ರಾಗ ಯುನೆಸ್ಕೊ ಈ ಕಣಿವಿಯೊಳಗಿನ ಏಳು ಜಾಗಾನ ವಿಶ್ವ ಪರಂಪರೆ ಪಟ್ಟಿಗೆ ಸೇರಿಸ್ತು.

ಇನ್ನೊಂದು ಮಾತು. ರಾಜರು ಶಿವ, ವಿಷ್ಣು, ದೇವಿನ್ನ ಪೂಜಿಸೋರು. ಪ್ರಜೆಗಳೊಳಗ ಬೌದ್ಧರು ಭಾಳ. ಆದ್ರ ಅಲ್ಲೆ ಇದು ನಮ್ಮ ದೇವರು, ಅದು ನಿಮ್ಮ ದೇವರು ಅಂತ ಗೆರಿ ಕೊರದಿದ್ದು ಕಡಿಮಿ. ಒಬ್ಬರ ದೇವಿಗೆ ಇನ್ನೊಬ್ಬರು ಕೈ ಮುಗೀತಾರ. ಮುಂದ ಹೇಳೋ ಕಥೀಗೆಲ್ಲಾ ಇದು ಬೇಕಾಗ್ತದ.

ಮುಂಜಾನೆ: ಸ್ವಯಂಭೂ ಗುಡ್ಡ

ಮುಂಜಾನೆ ತಂಪಿನ್ಯಾಗ ಮೊದಲ ಹೋಗಿದ್ದು ಸ್ವಯಂಭೂನಾಥಕ್ಕ. ಮೂಡಣ ಕಡೆ 365 ಪಾವಟಿಗಿ ಅಂತಾರ. 17ನೇ ಶತಮಾನದಾಗ ಆಳಿದ ಪ್ರತಾಪ ಮಲ್ಲ ಮಾಡಿಸಿದ್ದು. ಮೌಶಿ ಮೊಣಕಾಲು ನೆನಿಸಿಕೊಂಡು ನಾವು ಹಿಂದಿನ ರಸ್ತಾದ ಮ್ಯಾಲೆ ಗಾಡಿಲೆ ಹೋದ್ವಿ. ನಿಮ್ಮ ಮನ್ಯಾಗ ಹಿರ್ಯಾರಿದ್ರ ನೀವೂ ಹಂಗ ಮಾಡ್ರಿ. ಮಂಗ್ಯಾಗಳು ಭಾಳ ಅವ, ಕೈಚೀಲ ಗಟ್ಟಿ ಹಿಡೀರಿ.

ಗುಡ್ಡದ ನೆತ್ತಿ ಮ್ಯಾಲೆ ಬೆಳ್ಳಗ ಸುಣ್ಣ ಬಡದ ದೊಡ್ಡ ಸ್ತೂಪ. ಅದರ ಮ್ಯಾಲಿನ ಚೌಕದೊಳಗ ನಾಕೂ ದಿಕ್ಕಿಗೆ ಬಿಡಿಸಿದ ಕಣ್ಣು. ಮೂಗಿನ ಜಾಗಾದಾಗ ಇರೋದು ಅವರ ಲಿಪಿಯ ಒಂದು ಅನ್ನೋ ಅಂಕಿ. ಸ್ವಯಂಭೂ ಪುರಾಣದ ಪ್ರಕಾರ ಈ ಕಣಿವಿ ಮೊದಲ ದೊಡ್ಡ ಕೆರಿ. ಮಂಜುಶ್ರೀ ಬಂದು ಖಡ್ಗದಿಂದ ಗುಡ್ಡ ಸೀಳಿ ನೀರು ಹರಿಸಿ, ಮನಷ್ಯಾರು ಇರಲಿಕ್ಕೆ ಜಾಗಾ ಮಾಡಿಕೊಟ್ಟಾ ಅಂತ. ಭೂಮಿ ಅಭ್ಯಾಸ ಮಾಡೋರೂ ಇಲ್ಲೆ ಒಂದು ಕಾಲಕ್ಕ ಖರೇನ ಕೆರಿ ಇತ್ತು ಅಂತ ಹೇಳ್ತಾರ.

ಸ್ತೂಪದ ಬಾಜೂಕ ಒಂದು ಸಣ್ಣ ಗುಡಿ ಅದ. ಅಲ್ಲೆ ಮಾತ್ರ ಹೆಣ್ಣುಮಕ್ಕಳದ ಸಾಲು ಹಚ್ಚಿತ್ತು. ಕೈಯಾಗ ಹೂವು, ಅಕ್ಕಿ, ತತ್ತಿ, ದೀಪ. ಕಂಕಳಾಗ ಕೂಸು. ಅದು ಹಾರಿತಿ ಗುಡಿ. ಊರವರ ಮಾತಿನ್ಯಾಗ ಅಜಿಮಾ, ಅಂದ್ರ ಅಜ್ಜಿ.

ಹಾರಿತಿ ಕಥಿ ಹಿಂಗ ಅದ. ಆಕಿ ಒಬ್ಬಾಕಿ ಯಕ್ಷಿಣಿ. ಆಕೀಗೆ 500 ಮಕ್ಕಳು. ತನ್ನ ಮಕ್ಕಳ ಹೊಟ್ಟಿ ತುಂಬಸಲಿಕ್ಕೆ ಮಂದಿ ಮಕ್ಕಳನ್ನ ಹಿಡಕೊಂಡು ತಿಂತಿದ್ಲು. ತಾಯಂದಿರು ಬುದ್ಧನ ಹತ್ರ ಹೋಗಿ ಅತ್ರು. ಬುದ್ಧ ಆಕೀನ್ನ ಹೊಡೀಲಿಲ್ಲ, ಬೈಲಿಲ್ಲ. ಆಕಿಯ ಕಡೀ ಕೂಸನ್ನ ತನ್ನ ಭಿಕ್ಷಾಪಾತ್ರೆ ಕೆಳಗ ಬಚ್ಚಿಟ್ಟ. ಆಕಿ ಹುಚ್ಚಿ ಹಂಗ ಲೋಕ ಎಲ್ಲಾ ಹುಡುಕಿ, ಕಡೀಗೆ ಬುದ್ಧನ ಕಾಲಿಗೆ ಬಿದ್ಲು. 500ರಾಗ ಒಂದು ಇಲ್ಲಂದ್ರ ನಿನಗ ಹಿಂಗ ಆಗ್ತದ, ಇರೋದು ಒಂದ ಕೂಸು, ಅದನ್ನೂ ನೀ ಒಯ್ದ್ರ ಆ ತಾಯಿಗೆ ಹೆಂಗ ಆಗಬೇಕು ಅಂತ ಬುದ್ಧ ಕೇಳಿದ. ಅವತ್ತಿನಿಂದ ಆಕಿ ಮಕ್ಕಳ ಕಾಯೋ ದೇವಿ ಆದ್ಲು.

ಸಿಡುಬು ಬಂದ್ರ ಕಾಪಾಡಬೇಕಾದಾಕಿ ಈಕಿನ. ನಮ್ಮ ಹಳೀ ಮಂದಿ ಸಿಡುಬಿಗೆ ದೇವಿ ಅಂತಿದ್ರು, ಲಸಿಕಿ ಹಾಕಿಸೋದಕ್ಕ ದೇವಿ ಹಾಕಿಸೋದು ಅಂತಿದ್ರು, ನೆನಪದ ಏನ್ರಿ? ಮೌಶಿ ತೋಳಿನ ಮ್ಯಾಲಿನ ಕಲಿ ಮುಟ್ಟಿಕೊಂಡು ಕೈ ಮುಗದ್ಲು. 1980ರಾಗ ಸಿಡುಬು ಭೂಮಿ ಮ್ಯಾಲಿಂದ ಹೋತು ಅಂತ ಜಗತ್ತಿಗೇ ಸಾರಿದ್ರು. ಬ್ಯಾನಿ ಹೋತು, ಆದ್ರ ಅಜಿಮಾ ಮುಂದಿನ ಸಾಲು ಹೋಗಿಲ್ಲ. ಕೂಸಿನ ಕೆಮ್ಮು, ಜ್ವರ, ಹಟ, ಇವಕ್ಕೆಲ್ಲಾ ಅಜ್ಜಿ ಬೇಕಲ್ಲ. ಪೂಜಾ ಮಾಡೋರು ಬೌದ್ಧರು, ಸಾಲಿನ್ಯಾಗ ನಿಂತವರು ಇಬ್ಬರೂ.

ರಾಜರ ಸಿಟ್ಟಿನ ಒಂದು ಕಥೀನೂ ಇಲ್ಲೆ ಹೇಳ್ತಾರ. ರಣಬಹಾದುರ ಶಾಹ ಅನ್ನೋ ರಾಜಾಗ ಕಾಂತವತಿ ಅನ್ನೋ ರಾಣಿ ಮ್ಯಾಲೆ ಜೀವ. ಆಕಿ ಹೊಟ್ಟೀಲೆ ಹುಟ್ಟಿದ ಸಣ್ಣ ಮಗನ್ನ 1799ರಾಗ ಪಟ್ಟಕ್ಕ ಕೂಡಿಸಿ ತಾನು ಇಳದಾ. ಆಕಿ ಬ್ಯಾನಿ ಬಿದ್ದು ಉಳೀಲಿಲ್ಲ. ಆ ಸಿಟ್ಟಿಗೆ ಅವ ದೇವರ ಮೂರ್ತಿ ಒಡಸಿದಾ, ಹಾರಿತಿ ಹಳೀ ಮೂರ್ತಿ ಹೋದದ್ದೂ ಹಂಗ ಅನ್ನೋದು ಅಲ್ಲಿ ಮಂದಿ ಮಾತು. ದೇವಿ ಮತ್ತ ಕೂತ್ಲು, ಪೂಜಾ ನಡೀತು.

ಗುಡ್ಡ ಇಳದು ಊರೊಳಗ ಬಂದ್ವಿ. ಹಳೀ ಊರಿನ ಅಂಚಿಗೆ ರಾಣಿ ಪೋಖರಿ ಅನ್ನೋ ಕೆರಿ ಅದ, ನಡುವ ಬಿಳೇ ಗುಡಿ. ಮಗ ಸತ್ತ ದುಃಖದಾಗಿದ್ದ ರಾಣಿಗೆ ಸಮಾಧಾನ ಆಗಲಿ ಅಂತ ಪ್ರತಾಪ ಮಲ್ಲ 1670ರಾಗ ಕಟ್ಟಿಸಿದ್ದು. ಎಷ್ಟೋ ಪುಣ್ಯ ನದಿಗಳ ನೀರು ತರಿಸಿ ಹಾಕಿಸಿದ್ದನಂತ. ವೈನಿ ಕಿಟಕಿಯಿಂದ ನೋಡಿಕೋತ, ಹೊಟ್ಟ್ಯಾಗಿನ ಬೆಂಕಿಗೆ ಎಷ್ಟು ನೀರು ತಂದ್ರೇನು ಅಂದ್ಲು.

ಬಸಂತಪುರ: ಕುಮಾರಿ ಮನಿ

ಕಾಠ್ಮಂಡುವಿನ ಹಳೀ ಅರಮನಿ ಇರೋ ಜಾಗಾಕ್ಕ ಹನುಮಾನ ಢೋಕಾ ಅಂತಾರ. ಬಾಗಲದಾಗ ಸಿಂಧೂರ ಬಡದ ಹನುಮಪ್ಪ ಇದ್ದಾನ, ಅದಕ್ಕ ಆ ಹೆಸರು. 2015ರ ಏಪ್ರಿಲ್ 25ರ ಭೂಕಂಪದಾಗ ಇಲ್ಲೆ ಭಾಳ ಗುಡಿ ಬಿದ್ದ್ವು. ಕಾಷ್ಠಮಂಡಪನೂ ಬಿತ್ತು, ಕಾಠ್ಮಂಡು ಅನ್ನೋ ಹೆಸರು ಬಂದದ್ದ ಅದರಿಂದ. ಅದರ ಬುನಾದಿ ಅಗದು ನೋಡಿದ್ರ 7ನೇ ಶತಮಾನದ್ದು ಅಂತ ಗೊತ್ತಾತು. ಈಗ ಮತ್ತ ಹಂಗ ಕಟ್ಟಿ ನಿಲ್ಲಿಸ್ಯಾರ.

ಅರಮನಿ ಎದುರಿಗೆ ಎಂಟು ಮೂಲಿ ಇರೋ ಒಂದು ಸಣ್ಣ ಕೃಷ್ಣನ ಗುಡಿ ಅದ. 1649ರದ್ದು. ಪ್ರತಾಪ ಮಲ್ಲ ತನ್ನ ಇಬ್ಬರು ರಾಣಿಯರ ನೆನಪಿಗೆ ಕಟ್ಟಿಸಿದ್ದು. ಶಾಸನದಾಗ ಅವರ ಹೆಸರು ಅವ. ಒಬ್ಬಾಕಿ ಕೂಚಬಿಹಾರದ ರೂಪಮತಿ, ಇನ್ನೊಬ್ಬಾಕಿ ಕರ್ನಾಟದ ರಾಜಮತಿ. ನಾನು ಅಲ್ಲೇ ನಿಂತುಬಿಟ್ಟೆ. ಹಿಮಾಲಯದ ಕೆಳಗ, ಕಲ್ಲಿನ ಮ್ಯಾಲೆ, ಕರ್ನಾಟ! ಇದು ಹೆಂಗ ಅಂತ ಭಕ್ತಪುರದ ಮಾತು ಬಂದಾಗ ಹೇಳ್ತೀನಿ.

ಅದ ಚೌಕದಾಗ ಕುಮಾರಿ ಮನಿ. 1757ರಾಗ ಜಯಪ್ರಕಾಶ ಮಲ್ಲ ಕಟ್ಟಿಸಿದ್ದು. ನೋಡಲಿಕ್ಕೆ ಬೌದ್ಧ ವಿಹಾರದ ನಮೂನಿ. ನಡುವ ಅಂಗಳ, ಸುತ್ತ ಕೆತ್ತಿದ ಕಟಗೀ ಕಿಟಕಿ. ಒಳಗ ಇರೋದು ಜೀವಂತ ದೇವಿ, ಒಂದು ಸಣ್ಣ ಹುಡುಗಿ.

ಈ ಹುಡುಗಿ ಬೌದ್ಧರ ಶಾಕ್ಯ ಮನೆತನದಾಕಿ. ಮೂರು ನಾಕು ವರ್ಷದಾಕಿ ಇದ್ದಾಗ ಆರಿಸ್ತಾರ. ಮೈ ಮ್ಯಾಲೆ ಗಾಯ ಇರಬಾರದು, ಹಲ್ಲು ಬಿದ್ದಿರಬಾರದು, 32 ಲಕ್ಷಣ ನೋಡ್ತಾರ, ಜಾತಕ ನೋಡ್ತಾರ. ಆರಿಸಿದ ಮ್ಯಾಲೆ ಆಕಿ ತಾಯಿ ಮನಿ ಬಿಟ್ಟು ಈ ಮನಿಗೆ ಬರ್ತಾಳ. ಹೊರಗ ಹೋಗೋದು ಹಬ್ಬಕ್ಕ ಅಷ್ಟ, ಅವಾಗೂ ಕಾಲು ನೆಲಕ್ಕ ತಾಕಬಾರದು, ಎತಗೊಂಡ ಒಯ್ತಾರ. ಮೊದಲನೇ ಸಲ ಮುಟ್ಟಾದ ಕೂಡ್ಲೆ, ಇಲ್ಲಾ ಗಾಯ ಆಗಿ ರಕ್ತ ಹೋದ್ರ, ದೇವಿ ಆಕಿ ಮೈ ಬಿಟ್ಟು ಹೋದ್ಲು ಅಂತ ಲೆಕ್ಕ. ಮತ್ತ ಬ್ಯಾರೆ ಕೂಸು ಹುಡುಕ್ತಾರ.

ಕುಮಾರಿ ಅಂದ್ರ ತಾಲೇಜು ದೇವಿ. ತಾಲೇಜು ಮಲ್ಲ ರಾಜರ ಮನಿದೇವರು. ರಾಜ ದೇವಿ ಜೊತಿ ಪಗಡಿ ಆಡ್ತಿದ್ದನಂತ, ಒಂದಿನ ಅವನ ಕಣ್ಣು ಕೆಟ್ಟಿತು, ದೇವಿ ಸಿಟ್ಟಿಗೆದ್ದು ಇನ್ನ ನಿನಗ ನಾ ಕಾಣಸೋದಿಲ್ಲ, ಬೇಕಂದ್ರ ಶಾಕ್ಯರ ಕೂಸಿನ್ಯಾಗ ನನ್ನ ನೋಡು ಅಂದ್ಲಂತ. ಇದು ಕಥಿ. ಆದ್ರ ಇತಿಹಾಸ ನೋಡ್ರಿ. ಇಂದ್ರಜಾತ್ರಿ ದಿವಸ ರಾಜ ಈ ಹುಡುಗಿ ಕಾಲಿಗೆ ಬಿದ್ದು ಹಣಿಗೆ ಕುಂಕುಮ ಹಚ್ಚಿಸಿಕೋಬೇಕು. ಹಚ್ಚಿದ್ರ ಇನ್ನೊಂದು ವರ್ಷ ರಾಜ್ಯ ಅವಂದು. 1768ರಾಗ ಗೋರ್ಖಾದ ಪೃಥ್ವಿನಾರಾಯಣ ಶಾಹ ಇಂದ್ರಜಾತ್ರಿ ಗದ್ದಲದಾಗನ ಊರೊಳಗ ನುಗ್ಗಿ ಕಾಠ್ಮಂಡು ಗೆದ್ದಾ. ಗೆದ್ದಾಂವ ಮೊದಲ ಮಾಡಿದ ಕೆಲಸ ಕುಮಾರಿ ಕೈಲೆ ಹಣಿಗೆ ಹಚ್ಚಿಸಿಕೊಂಡದ್ದು. 2008ರಾಗ ರಾಜರ ಕಾಲನ ಮುಗೀತು. ಈಗ ರಾಷ್ಟ್ರಪತಿ ಬಂದು ಹಚ್ಚಿಸಿಕೋತಾರ. ಹಿಂದೂ ರಾಜನ ಪಟ್ಟ ಒಂದು ಬೌದ್ಧ ಕೂಸಿನ ಬೊಟ್ಟಿನ ತುದಿಯೊಳಗ ಇತ್ತು.

ಹತ್ತು ನಿಮಿಷ ಅಂಗಳದಾಗ ನಿಂತ್ವಿ. ಮ್ಯಾಲಿನ ಕಿಟಕಿಗೆ ಹುಡುಗಿ ಬಂದ್ಲು. ಫೋಟೋ ಹಿಡಿಯೋಹಂಗಿಲ್ಲ, ಎಲ್ಲಾರೂ ಫೋನ್ ಕೆಳಗ ಇಟ್ರು. ಕೆಂಪು ಬಟ್ಟಿ, ಕಣ್ಣಿಗೆ ಉದ್ದಕ ಕಾಡಿಗಿ, ನಗು ಇಲ್ಲ. ಎಣಿಸಿ ಹತ್ತು ಅನ್ನೋದ್ರೊಳಗ ಹೋಗಿಬಿಟ್ಲು.

ಮೌಶಿ ಕಣ್ಣಾಗ ನೀರು, ಸಾಕ್ಷಾತ್ ಅಂಬಾಬಾಯಿನ್ನ ನೋಡಿಧಂಗ ಆತು ಅಂದ್ಲು. ವೈನಿ ಸುಮ್ಮನಿರಲಿಲ್ಲ. ಆ ಕೂಸು ತನ್ನ ತಾಯಿ ತೊಡಿ ಮ್ಯಾಲೆ ಮಲಗೋದು ಯಾವಾಗ, ಕುಂಟಬಿಲ್ಲಿ ಆಡೋದು ಯಾವಾಗ ಅಂದ್ಲು. ಬಾಜೂ ಮನಿ ಅಕ್ಕಾರು ಇನ್ನೊಂದು ಕೇಳಿದ್ರು. ಮುಟ್ಟಾಗೋತನಕ ದೇವಿ, ಮುಟ್ಟಾದ ಮ್ಯಾಲೆ ಬರೇ ಹುಡುಗಿ ಅಂದ್ರ ಹೆಂಗ? ಅದ ರಕ್ತದಿಂದ ಅಲ್ಲೇನು ಎಲ್ಲಾ ಕೂಸು ಹುಟ್ಟೋದು? ಯಾರ ಹತ್ರನೂ ಉತ್ತರ ಇರಲಿಲ್ಲ. ನಮ್ಮ ಮನ್ಯಾಗೂ ಒಂದು ಕಾಲಕ್ಕ ಮೂರು ದಿನ ಹೊರಗ ಕೂತವರು ನಾವು. ನವರಾತ್ರ್ಯಾಗ ಕುಮಾರಿ ಪೂಜಾ ಮಾಡಿ ಹುಡುಗೀರ ಕಾಲು ತೊಳೀತೀವಿ, ಅವ ಹುಡುಗೀರು ದೊಡ್ಡಾಕಿ ಆದ ಮ್ಯಾಲೆ ದೇವರ ಮನಿ ಹೊಸ್ತಿಲ ದಾಟಬ್ಯಾಡ ಅಂತೀವಿ. ಬ್ಯಾರೆ ಊರಿನ ಪದ್ಧತಿಗೆ ಹೆಸರಿಡೋ ಮೊದಲ ಇದನ್ನೂ ನೆನಸಬೇಕು.

ಈ ಪ್ರಶ್ನೆ ಅಲ್ಲಿ ಮಂದೀನೂ ಕೇಳ್ಯಾರ. 2008ರಾಗ ನೇಪಾಳದ ಸುಪ್ರೀಂ ಕೋರ್ಟು, ಕುಮಾರಿಯಾದ್ರೂ ಆಕಿ ಓದು, ಆರೋಗ್ಯ, ಓಡಾಟದ ಹಕ್ಕಿಗೆ ಅಡ್ಡಿ ಬರಬಾರದು ಅಂತ ಹೇಳ್ತು. ಈಗ ಮನಿಗೇ ಮಾಸ್ತರು ಬಂದು ಕಲಸ್ತಾರ, ಪರೀಕ್ಷಾ ಬರೀತಾಳ. ಬಿಟ್ಟು ಬಂದ ಮ್ಯಾಲೆ ಪಿಂಚಣಿ ಕೊಡ್ತಾರ. 1984ರಿಂದ 1991ರ ತನಕ ಕುಮಾರಿಯಾಗಿದ್ದ ರಶ್ಮಿಲಾ ಶಾಕ್ಯ 2005ರಾಗ ತನ್ನ ಕಥಿ ಪುಸ್ತಕ ಮಾಡ್ಯಾಳ. ಹೊರಗ ಬಂದ ಮ್ಯಾಲೆ ಸಾಲಿ ಓದು ಹಿಂದ ಬಿದ್ದು ಎಷ್ಟು ತ್ರಾಸ ಆತು ಅನ್ನೋದನ್ನೂ ಬರದಾಳ. ಮುಂದ ಓದಿ ಕಂಪ್ಯೂಟರ್ ವಿಷಯದಾಗ ಪದವಿ ತಗೊಂಡ್ಲು. ಕುಮಾರಿಯಾಗಿದ್ದಾಕಿನ್ನ ಮದುವಿ ಆದ್ರ ಗಂಡ ಬದಕೋದಿಲ್ಲ ಅಂತ ಒಂದು ಸುಳ್ಳು ಮಾತು ಅದ. ಎಷ್ಟೋ ಮಂದಿ ಹಳೀ ಕುಮಾರಿಯರು ಮದುವಿಯಾಗಿ ಮಕ್ಕಳು ಮರಿ ಮಾಡಿಕೊಂಡು ಆರಾಮ ಇದ್ದಾರ.

ಮಧ್ಯಾಹ್ನ: ಪಾಟನ್

ಪಾಟನ್ನಿಗೆ ಬಂದು ಊಟ ಮಾಡಿದ್ವಿ. ನೇವಾರರ ತಾಟಿನ್ಯಾಗ ಅನ್ನದ ಜಾಗಾದಾಗ ಅವಲಕ್ಕಿ! ಅವರ ಮಾತಿನ್ಯಾಗ ಬಜಿ. ಯೋಮರಿ ಅಂತ ಒಂದು ಸಿಹಿ ಮಾಡ್ತಾರ. ಅಕ್ಕಿ ಹಿಟ್ಟಿನ ಕಣಕದೊಳಗ ಬೆಲ್ಲದಂಥಾ ಚಾಕು, ಎಳ್ಳು ತುಂಬಿ ಹಬಿ ಮ್ಯಾಲೆ ಬೇಯಸ್ತಾರ. ನಮ್ಮ ಕಡಬಿನ ಅಕ್ಕ-ತಂಗಿನ. ಅದನ್ನ ವಿಶೇಷ ಮಾಡೋದು ಮಾರ್ಗಶಿರದ ಹುಣ್ಣಿವಿಗೆ, ಅಂದ್ರ ನಮ್ಮ ಹೊಸ್ತಿಲ ಹುಣ್ಣಿವಿ ದಿನ.

ಆಮ್ಯಾಲೆ ಹಿರಣ್ಯವರ್ಣ ಮಹಾವಿಹಾರ. ಮಂದಿ ಬಾಯಾಗ ಬಂಗಾರದ ಗುಡಿ. ಸಣ್ಣ ಸಂದಿಯಿಂದ ಒಳಗ ಹೋದ್ರ ಅಂಗಳದ ತುಂಬ ಬಂಗಾರದ ಮುಲಾಮಿನ ತಗಡು ಝಗಝಗ. ಚರ್ಮದ್ದು ಏನೂ ಒಳಗ ಒಯ್ಯೋಹಂಗಿಲ್ಲ. ಬುದ್ಧನ ಪೂಜಾಕ್ಕ ಇದ್ದದ್ದು 12 ವರ್ಷ ತುಂಬದ ಒಬ್ಬ ಹುಡುಗ. 30 ದಿನದ ಪಾಳಿ, ಆಮ್ಯಾಲೆ ಇನ್ನೊಬ್ಬ ಹುಡುಗ. ಇಲ್ಲೆ ಪ್ರಜ್ಞಾಪಾರಮಿತಾ ಅನ್ನೋ ಹಳೀ ಹಸ್ತಪ್ರತಿ ಇಟ್ಟು ಪೂಜಸ್ತಾರ, ಹರಕಿ ಹೊತ್ತವರು ಅದರ ಪಾರಾಯಣ ಮಾಡಸ್ತಾರ. ಪ್ರಜ್ಞೆ ಅಂದ್ರ ಬುದ್ಧರಿಗೆಲ್ಲಾ ತಾಯಿ ಅಂತ ಅವರ ಭಾವನಾ. ಗ್ರಂಥನ ದೇವಿ.

ಇಲ್ಲೆ ಭಿಕ್ಷುಗಳು ಎಲ್ಲೆ ಅಂತ ನಾ ಕೇಳಿದೆ. ಅಲ್ಲಿ ವಿಶೇಷ ಅದ ಅದ. ನೇವಾರ ಬೌದ್ಧರೊಳಗ ಭಿಕ್ಷುಗಳ ವಂಶದವರು ಯಾವಾಗೋ ಸಂಸಾರಸ್ಥರಾದ್ರು. ವಿಹಾರನ ಮನಿ ಆತು. ಶಾಕ್ಯ, ವಜ್ರಾಚಾರ್ಯ ಮನೆತನದ ಹುಡುಗೂರಿಗೆ ಸಣ್ಣವರಿದ್ದಾಗ ತಲಿ ಬೋಳಿಸಿ, ಕಾವಿ ಉಡಿಸಿ, ಭಿಕ್ಷಾಪಾತ್ರೆ ಕೊಟ್ಟು ಭಿಕ್ಷು ಮಾಡ್ತಾರ. ನಾಕನೇ ದಿನ ಕಾವಿ ಬಿಟ್ಟು ಮನಿಗೆ ಬರ್ತಾರ. ನಮ್ಮ ಮುಂಜವ್ಯಾಗ ಭಿಕ್ಷಾ ಬೇಡಿ, ಕಾಶಿಗೆ ಹೊಂಟಾಂವನ್ನ ತಿರುಗಿ ಕರಕೊಂಡು ಬರೋದು ನೆನಪಾಗಿ ನಾವೆಲ್ಲಾ ನಕ್ವಿ.

ಹುಡುಗೂರಿಗೆ ಅದು, ಹುಡುಗೀರಿಗೆ ಏನು? ಅದಕ್ಕ ಇಹಿ ಅಂತಾರ. ಹುಡುಗಿ ದೊಡ್ಡಾಕಿ ಆಗೋಕಿಂತ ಮೊದಲ ಬಿಲ್ವದ ಕಾಯಿ ಇಟ್ಟು ದೇವರ ಜೊತಿ ಮದುವಿ ಮಾಡ್ತಾರ. ಕೆಂಪು ಸೀರಿ, ಒಡವಿ, ಕನ್ಯಾದಾನ, ಎಲ್ಲಾ ಖರೇ ಮದುವಿ ಹಂಗ. ಹಿಂದೂ ನೇವಾರರೂ ಮಾಡ್ತಾರ, ಬೌದ್ಧ ನೇವಾರರೂ ಮಾಡ್ತಾರ. ಮುಂದ ಮನಷ್ಯಾನ ಜೊತಿ ಆಗೋದು ಎರಡನೇ ಮದುವಿ. ಆ ಗಂಡ ಹೋದ್ರೂ ಮೊದಲನೇ ಗಂಡ ದೇವರು, ಅವ ಸಾಯೋದಿಲ್ಲ. ಹಿಂಗಾಗಿ ನೇವಾರ ಹೆಣ್ಣುಮಗಳು ಯಾವಾಗೂ ಪೂರಾ ವಿಧವಿ ಆಗೋದಿಲ್ಲ. ನಮ್ಮ ಗೈಡ್‌ಗೂ ಏಳು ವರ್ಷದಾಕಿ ಇದ್ದಾಗ ಇಹಿ ಆಗಿತ್ತಂತ.

ಈ ಮಾತು ಕೇಳಿ ಮೌಶಿ ಭಾಳ ಹೊತ್ತು ಮಾತಾಡಲಿಲ್ಲ. ನಮ್ಮ ಅಮ್ಮನ ಅಜ್ಜಿ ಹದಿನಾರಕ್ಕ ಗಂಡನ್ನ ಕಳಕೊಂಡು, ತಲಿ ಬೋಳಿಸಿಕೊಂಡು, ಕೆಂಪು ಸೀರಿ ಸೆರಗು ಹೊದ್ದು, ಅಡಿಗಿ ಮನ್ಯಾಗ ಅರವತ್ತು ವರ್ಷ ಕಳದಾಕಿ. ಯಾವ ಆರತೀಗೂ ಮುಂದ ಬರಲಿಲ್ಲ. ಆಕೀಗೆ ಸಣ್ಣಾಕಿದ್ದಾಗ ಯಾರರೆ ಒಂದು ಬಿಲ್ವದ ಕಾಯಿ ಜೊತಿ ಮದುವಿ ಮಾಡಿದ್ದ್ರ ಅಂತ ಕಡೀಗೆ ಮೌಶಿ ಅಂದ್ಲು. ಅಷ್ಟ.

ಆದ್ರ ಪೂರಾ ಛೊಲೋ ಇತ್ತು ಅಂತ ತಿಳೀಬ್ಯಾಡ್ರಿ. ಅರಮನಿ ಒಳಗ ಬ್ಯಾರೆ ನ್ಯಾಯ. ರಾಜ ಸತ್ರ ರಾಣಿಯರು ಸತಿ ಹೋದದ್ದು ಇತಿಹಾಸದಾಗ ಅದ. ನೇಪಾಳದಾಗ ಸತಿ ಪದ್ಧತಿ ಕಾಯ್ದೆದಿಂದ ನಿಂತದ್ದು 1920ರಾಗ. ಊರಿನ ಹುಡುಗೀರನ್ನ ಬಿಲ್ವದ ಕಾಯಿ ಕಾಯ್ತಿತ್ತು, ಅರಮನಿ ರಾಣಿಯರನ್ನ ಯಾವುದೂ ಕಾಯಲಿಲ್ಲ.

ಪಾಟನ್ ದರ್ಬಾರ ಚೌಕದಾಗ 1637ರಾಗ ಸಿದ್ಧಿನರಸಿಂಹ ಮಲ್ಲ ಕಟ್ಟಿಸಿದ ಕಲ್ಲಿನ ಕೃಷ್ಣ ಮಂದಿರ ಅದ. 21 ಶಿಖರ, ಗ್ವಾಡಿ ತುಂಬ ರಾಮಾಯಣ ಮಹಾಭಾರತ ಕೆತ್ತ್ಯಾರ. ಎಲ್ಲಾರೂ ಅದರ ಮುಂದ ಫೋಟೋ ಹೊಡಸ್ತಾರ. ಅದ ಚೌಕದ ಇನ್ನೊಂದು ತುದೀಗೆ ಎಂಟು ಮೂಲಿ ಗುಡಿ ಅದ, ಅದೂ ಕಲ್ಲಿಂದ. 1723ರಾಗ ಕಟ್ಟಿಸಿದ್ದು ರಾಜ ಯೋಗನರೇಂದ್ರ ಮಲ್ಲನ ಮಗಳು ಯೋಗಮತಿ. ಅದನ್ನೂ ನೋಡ್ರಿ.

ಸಂಜೀಮುಂದ: ಭಕ್ತಪುರ, ದೇವಲದೇವಿ ಊರು

ಭಕ್ತಪುರದ ಅರಮನಿಗೆ ಒಂದು ಬಂಗಾರದ ಬಾಗಲ ಅದ. 1753ರಾಗ ರಣಜಿತ ಮಲ್ಲ ಮಾಡಿಸಿದ್ದು. ಅದರ ಒಳಗ ಹೋದ್ರ ತಾಲೇಜು ಗುಡಿ. ಕಾಠ್ಮಂಡು, ಪಾಟನ್, ಭಕ್ತಪುರ, ಮೂರೂ ಅರಮನ್ಯಾಗ ತಾಲೇಜು ಗುಡಿ ಅದ. ಕಾಠ್ಮಂಡುವಿನದ್ದು ವರ್ಷಕ್ಕ ಒಂದ ದಿನ, ಮಹಾನವಮಿಗೆ ಮಂದಿಗೆ ತಗೀತಾರ. ಹಂಗಾರ ಈ ದೇವಿ ಬಂದದ್ದು ಎಲ್ಲಿಂದ?

ಈಗ ಕರ್ನಾಟದ ಮಾತು. ಸುಮಾರು 1097ರಾಗ ನಾನ್ಯದೇವ ಅನ್ನೋ ಕರ್ನಾಟ ಕುಲದಾಂವ ಮಿಥಿಲೆಯೊಳಗ ರಾಜ್ಯ ಕಟ್ಟಿದ. ಆವಾಗ ಕಲ್ಯಾಣದಾಗ, ಅಂದ್ರ ಇವತ್ತಿನ ನಮ್ಮ ಬಸವಕಲ್ಯಾಣದಾಗ ಚಾಲುಕ್ಯ ವಿಕ್ರಮಾದಿತ್ಯ ಆಳ್ತಿದ್ದ. ಅವನ ಸೈನ್ಯ ಉತ್ತರಕ್ಕ ಹೋದಾಗ ಜೊತಿಗೆ ಹೋಗಿ ಅಲ್ಲೇ ನಿಂತವರು ಇವರು ಅಂತ ಇತಿಹಾಸಕಾರರು ಹೇಳ್ತಾರ. ನಾನ್ಯದೇವನ ರಾಜಧಾನಿ ಸಿಮರೌನಗಢ, ಈಗ ನೇಪಾಳದ ಬಾರಾ ಜಿಲ್ಲಾದಾಗ, ಬಿಹಾರದ ಗಡಿ ಹತ್ರ. ಅವ ಸಂಗೀತ ಬಲ್ಲಾಂವ, ಭರತನ ನಾಟ್ಯಶಾಸ್ತ್ರದ ಮ್ಯಾಲೆ ದೊಡ್ಡ ಗ್ರಂಥ ಬರದಾಂವ. ಆ ವಂಶ 200 ವರ್ಷಕಿಂತ ಜಾಸ್ತಿ ಆಳ್ತು. ಅಷ್ಟೊತ್ತಿಗೆ ಅವರ ಮಾತು ಮೈಥಿಲಿ ಆಗಿತ್ತು, ಕನ್ನಡ ಉಳದಿತ್ತು ಅಂತ ನಾ ಹೇಳೋದಿಲ್ಲ. ಆದ್ರ ಕುಲದ ಹೆಸರು ಮಾತ್ರ ಕರ್ನಾಟ ಅಂತನ ಉಳೀತು.

1324ರ ಸುಮಾರಿಗೆ ದಿಲ್ಲಿಯ ಘಿಯಾಸುದ್ದೀನ್ ತುಘಲಕ್ ಬಂಗಾಲದಿಂದ ತಿರುಗಿ ಬರೋವಾಗ ಸಿಮರೌನಗಢದ ಮ್ಯಾಲೆ ಬಿದ್ದ. ರಾಜ ಹರಿಸಿಂಹದೇವ ಮನಿ ಮಂದಿನ್ನ ಕರಕೊಂಡು ಉತ್ತರದ ಗುಡ್ಡಕ್ಕ ಓಡಿದ. ದಾರ್ಯಾಗ ಸತ್ತ. ಜೊತಿಗಿದ್ದ ಸಂಪತ್ತೂ ಮಂದಿ ಕಸಗೊಂಡ್ರು ಅಂತ ಅಲ್ಲಿ ಹಳೀ ದಾಖಲಿ ಗೋಪಾಲರಾಜ ವಂಶಾವಳಿ ಹೇಳ್ತದ. ಗಂಡ ಇಲ್ಲ, ರಾಜ್ಯ ಇಲ್ಲ, ಒಡವಿ ಇಲ್ಲ. ಮಗ ಜಗತ್‌ಸಿಂಹನ್ನ ಕರಕೊಂಡು ರಾಣಿ ದೇವಲದೇವಿ 1326ರಾಗ ಭಕ್ತಪುರಕ್ಕ ಬಂದ್ಲು. ಅಲ್ಲಿ ಆಳ್ತಿದ್ದ ರುದ್ರ ಮಲ್ಲ ಆಶ್ರಯ ಕೊಟ್ಟ.

ಆಕಿ ಜೊತಿಗೆ ಬಂದಾಕಿನ ಮನಿದೇವರು ತಾಲೇಜು ಅಂತ ಅಲ್ಲಿ ಮಂದಿ ನಂಬಿಗಿ. ತಾಲೇಜು ಪೂಜಾ ಅಲ್ಲೆ ಅದಕಿಂತ ಮೊದಲನೂ ಇತ್ತು ಅನ್ನೋ ಇತಿಹಾಸಕಾರರೂ ಇದ್ದಾರ. ಅದರ ಚರ್ಚಾ ಅವರಿಗಿರಲಿ. ಮನಿಬಿಟ್ಟು ಓಡೋವಾಗ ಹೆಣ್ಣುಮಕ್ಕಳು ಮೊದಲ ದೇವರ ಪೆಟಿಗಿ ಎತಗೋತಾರ ಅನ್ನೋದು ನಮಗ ಯಾರೂ ಪುರಾವೆ ಕೊಟ್ಟು ಹೇಳಬೇಕಾಗಿಲ್ಲ.

ಇಲ್ಲಿಂದ ಮುಂದಿಂದು ಪಕ್ಕಾ ಇತಿಹಾಸ. ದೇವಲದೇವಿ ಮೂಲ್ಯಾಗ ಕೂತು ಅಳಲಿಲ್ಲ. ರುದ್ರ ಮಲ್ಲ ಅದ ವರ್ಷ ತೀರಿಕೊಂಡ. ಅವಂಗ ಇದ್ದಾಕಿ ಒಬ್ಬಾಕಿ ಮಗಳು, ನಾಯಕದೇವಿ. ಆಕಿ ಮೊದಲ ಗಂಡ ವಿಷದಿಂದ ಸತ್ತ. ಆಮ್ಯಾಲೆ ಆಕೀಗೆ ಜಗತ್‌ಸಿಂಹನ ಜೊತಿ ಲಗ್ನ ಆತು. 1347ರಾಗ ಹೆಣ್ಣು ಕೂಸು ಹುಟ್ಟಿತು, ಹತ್ತು ದಿನಕ್ಕ ಬಾಣಂತಿ ನಾಯಕದೇವಿ ತೀರಿಕೊಂಡ್ಲು. ಆ ತಬ್ಬಲಿ ಕೂಸು ರಾಜಲ್ಲದೇವಿನ್ನ ಸಾಕಿದಾಕಿ ಅಜ್ಜಿ ದೇವಲದೇವಿ. ಮೊಮ್ಮಗಳು ಎಂಟು ವರ್ಷದಾಕಿ ಆದಾಗ, 1355ರಾಗ, ಜಯಸ್ಥಿತಿ ಅನ್ನೋ ವರ ತಂದು ಮದುವಿ ಮಾಡಿದಾಕೀನೂ ಆಕಿನ. ಆಕಿ ತೀರಿಕೊಂಡದ್ದು 1366ರಾಗ, ಅಂದ್ರ ಬಂದು 40 ವರ್ಷ ಆ ಮನಿ ಆಡಳಿತ ನೋಡಿಕೊಂಡ್ಲು. ಜಯಸ್ಥಿತಿ 1382ರಾಗ ಪಟ್ಟಕ್ಕ ಬಂದ, ಕಣಿವಿ ಎಲ್ಲಾ ಒಂದು ಮಾಡಿದ. ಮುಂದ ಗುಡಿ ಕಟ್ಟಿಸಿದ ಮೂರೂ ಊರಿನ ಮಲ್ಲ ರಾಜರು ಅವನ ವಂಶದವರು. ಅದಕ್ಕ ಅವರು ಶಾಸನದಾಗ ನಾನ್ಯದೇವನ ಹೆಸರು ತಮ್ಮ ಹಿರ್ಯಾರೊಳಗ ಬರಸ್ತಾರ.

ಎಂಟು ವರ್ಷದ ಕೂಸಿನ ಮದುವಿ ಓದಿದಾಗ ನನ್ನ ಜೀವ ಚುರ್ ಅಂತು. ದೇವಲದೇವಿ ದೊಡ್ಡಾಕಿ ಅಂತ ಹೊಗಳಿಕೋತ ಇದನ್ನ ಮುಚ್ಚಿಡಬಾರದು. ರಾಜ್ಯ ಉಳೀಲಿ ಅಂತ ಮೊಮ್ಮಗಳನ್ನ ಕೊಟ್ಲು. ಕುಮಾರಿ ಮನ್ಯಾಗ ನೋಡಿದ್ದೂ ಅದನ ಅಲ್ಲೇನ್ರಿ? ರಾಜ್ಯದ ಭಾರ ಹೊರಲಿಕ್ಕೆ ಯಾವಾಗೂ ಒಂದು ಸಣ್ಣ ಹುಡುಗಿ ಹೆಗಲ ಬೇಕು. ಆ ಅರಮನಿಗಳ ಮುಂದ ರಾಜರು ಕಂಬದ ಮ್ಯಾಲೆ ಕೈಮುಗದು ಕೂತಾರ. ರಾಜಲ್ಲದೇವಿ ಕೂತ ಕಂಬ ನನಗ ಕಾಣಲಿಲ್ಲ.

ಹೊತ್ತು ಮುಳುಗೋದ್ರಾಗ 1702ರಾಗ ಭೂಪತೀಂದ್ರ ಮಲ್ಲ ಕಟ್ಟಿಸಿದ ಐದಂತಸ್ತಿನ ನ್ಯಾತಪೋಲ ಗುಡಿ ನೋಡಿದ್ವಿ. ಭೂಕಂಪಕ್ಕ ಬೀಳದ ನಿಂತ ಗುಡಿ. ಅದರ ಪಾವಟಿಗಿ ಮ್ಯಾಲೆ ಕೂತು ಮಣ್ಣಿನ ಕುಡಿಕ್ಯಾಗಿನ ಜುಜು ಧೌ ತಿಂದ್ವಿ. ಅದು ಭಕ್ತಪುರದ ಗಟ್ಟಿ ಸಿಹಿ ಮೊಸರು, ರಾಜ ಮೊಸರು ಅಂತ ಅದರ ಅರ್ಥ.

ನೀವು ಯಾರರೆ ಪಶುಪತಿನಾಥಕ್ಕ ಹೋಗೋರಿದ್ರ ಒಂದು ದಿನ ಹೆಚ್ಚಿಗಿ ಇಟಗೊಂಡು ಹೋಗ್ರಿ. ಸ್ವಯಂಭೂಕ್ಕ ಮುಂಜಾನೆ ಲಗೂ ಹೋಗ್ರಿ. ಭಾರತದವರಿಗೆ ಟಿಕೀಟು ಕಡಿಮಿ, ಗುರುತಿನ ಚೀಟಿ ಕೈಯಾಗಿರಲಿ. ಗೈಡ್ ಮಾಡಿಕೊಳ್ಳೋದಾದ್ರ ಅಲ್ಲಿ ನೇವಾರ ಹೆಣ್ಣುಮಗಳನ್ನ ಕೇಳ್ರಿ, ಪುಸ್ತಕದಾಗ ಇಲ್ಲದ್ದು ಹೇಳ್ತಾಳ. ಆಕಿ ರಾಜರ ಹೆಸರು ಹೇಳ್ಲಿಕ್ಕೆ ಸುರು ಮಾಡಿದ್ರ ಅವರ ತಾಯಿ ಯಾರು, ಹೆಂಡತಿ ಯಾರು, ಮಗಳ ಹೆಸರೇನು ಅಂತ ಒಂದ ಮಾತು ಕೇಳಿ ನೋಡ್ರಿ. ಭಕ್ತಪುರದ ಬಂಗಾರದ ಬಾಗಲ ಮುಂದ ನಿಂತಾಗ ದೇವಲದೇವಿ ಹೆಸರಿಲೆ ಒಂದು ಹೂವು ಏರಸ್ರಿ, ರಾಜಲ್ಲದೇವಿ ಹೆಸರಿಲೆ ಇನ್ನೊಂದು.